ಅಗ್ಗಕ್ಕೆ ಬಂದ ದನಿ

ಕೋಡಿಹಳ್ಳಿ
12 ಜೂನ್ 2025

ಅತಿಯಾ,

ನನ್ನ ಕೈಬರಹದ ಲಕೋಟೆ ನೋಡಿ ನಿನಗೆ ಗಾಬರಿಯಾಗಿರಬಹುದು. ಮಾಗಡಿಯ ಹಾಸ್ಟೆಲು ಬಿಟ್ಟ ಮೇಲೆ ನಾವು ಒಬ್ಬರಿಗೊಬ್ಬರು ಕಾಗದ ಬರೆದದ್ದೇ ಇಲ್ಲ. ಫೋನ್ ಮಾಡೋಣವೆಂದರೆ ನಿನಗೆ ಪೋಸ್ಟಿಂಗ್ ಆಗಿರುವ ಆ ರಾಯಚೂರು ಕಡೆಯ ಹಳ್ಳಿಯಲ್ಲಿ ಸಿಗ್ನಲ್ ಇಲ್ಲ, ನನಗೆ ಮಾತಾಡುವ ಅಪ್ಪಣೆ ಇಲ್ಲ. ಅದು ಯಾಕೆ ಎಂದು ಹೇಳಲಿಕ್ಕೇ ಬರೆಯುತ್ತಿದ್ದೇನೆ.

ಫೆಬ್ರವರಿಯಿಂದ ಗಂಟಲು ಕಟ್ಟಿತ್ತಲ್ಲ, ಶಾಲೆಯಲ್ಲಿ ಮಕ್ಕಳ ಮೇಲೆ ಕೂಗಾಡಿ ಹೀಗಾಗಿದೆ ಎಂದು ಇಬ್ಬರೂ ನಕ್ಕಿದ್ದೆವು. ಬೆಂಗಳೂರಿನ ಆಸ್ಪತ್ರೆಯಲ್ಲಿ ಚೂರು ತೆಗೆದು ಪರೀಕ್ಷೆ ಮಾಡಿದರು. ಧ್ವನಿಪೆಟ್ಟಿಗೆಯಲ್ಲಿ ಕ್ಯಾನ್ಸರ್. ಪೆಟ್ಟಿಗೆಯನ್ನೇ ಪೂರ್ತಿ ತೆಗೆಯಬೇಕಂತೆ. ಜುಲೈ ಎರಡನೇ ವಾರ ಆಪರೇಷನ್. ಆಮೇಲೆ ಕತ್ತಿನ ಬುಡದಲ್ಲಿ ಒಂದು ತೂತು ಉಳಿಯುತ್ತದೆ, ಅದರಲ್ಲೇ ಉಸಿರಾಡಬೇಕು. ಜೀವಕ್ಕೆ ಭಯಪಡಬೇಡಿ ಎಂದರು ಡಾಕ್ಟರು. ಮಾತು ಮಾತ್ರ ಇರುವುದಿಲ್ಲ.

ನನಗಾಗಿ ನಾನು ಅತ್ತದ್ದು ಒಂದೇ ದಿನ. ಅವ್ವನ ಯೋಚನೆ ಮಾತ್ರ ಬಿಡುತ್ತಿಲ್ಲ. ಕಣ್ಣು ಹೋಗಿ ಮೂರು ವರ್ಷವಾಯಿತು. ಸಕ್ಕರೆ ಕಾಯಿಲೆ ಅವಳ ಬೆರಳ ತುದಿಗಳನ್ನೂ ಜೋಮು ಹಿಡಿಸಿಬಿಟ್ಟಿದೆ. ಕೈಗೆ ಕೊಟ್ಟದ್ದು ಬೆಂಡೆಕಾಯೋ ಮೆಣಸಿನಕಾಯೋ ತಿಳಿಯುವುದಿಲ್ಲ. ಓದು ಬರಹ ಮೊದಲೇ ಇಲ್ಲ. ಅವಳ ಪಾಲಿಗೆ ನಾನು ಅಂದರೆ ನನ್ನ ದನಿ ಅಷ್ಟೇ. ಆ ದನಿ ಹೋದ ಮೇಲೆ ಈ ಮನೆಯಲ್ಲಿ ಅವಳ ಜೊತೆ ಯಾರಿರುತ್ತಾರೆ ಹೇಳು.

ಆಸ್ಪತ್ರೆಯ ಒಬ್ಬ ಹುಡುಗಿ ಒಂದು ದಾರಿ ಹೇಳಿದಳು. ಒಂದು ಸಾಫ್ಟ್‌ವೇರ್ ಇದೆಯಂತೆ. ಆಪರೇಷನ್ನಿಗೆ ಮೊದಲೇ ನಮ್ಮ ದನಿಯಲ್ಲಿ ನೂರಾರು ವಾಕ್ಯ ಓದಿಟ್ಟರೆ, ಆಮೇಲೆ ನಾವು ಟೈಪ್ ಮಾಡಿದ್ದನ್ನೆಲ್ಲ ಅದು ನಮ್ಮದೇ ದನಿಯಲ್ಲಿ ಹೇಳುತ್ತದಂತೆ. ಚನ್ನಪಟ್ಟಣಕ್ಕೆ ಹೋಗಿ ನಿನ್ನ ತಮ್ಮ ಶೋಯೆಬ್‌ನ ಕಂಪ್ಯೂಟರ್ ಅಂಗಡಿಯಲ್ಲಿ ವಿಚಾರಿಸಿದೆ. ಕಂಪನಿಯ ಬೆಲೆ ನೋಡಿ ಅವನೇ ತಲೆ ಅಲ್ಲಾಡಿಸಿದ. ಎರಡು ದಿನ ಹುಡುಕಿ, ಅದನ್ನೇ ಕಾಲು ಭಾಗದ ಬೆಲೆಗೆ ಮಾರುವ ವೆಬ್‌ಸೈಟ್ ಒಂದನ್ನು ಪತ್ತೆ ಮಾಡಿದ್ದಾನೆ. "ಅದೇ ಸಾಮಾನು ಭಾನಕ್ಕ, ಅಂಗಡಿ ಬೇರೆ ಅಷ್ಟೆ. ನಾನು ಎಷ್ಟೋ ಜನಕ್ಕೆ ಹಿಂಗೇ ಹಾಕ್ಕೊಟ್ಟಿವ್ನಿ" ಎಂದ.

ಈಗ ಬೆಳಿಗ್ಗೆ ಎದ್ದ ಮೇಲೆ ಸ್ವಲ್ಪ ಹೊತ್ತು ಮಾತ್ರ ನನ್ನ ದನಿ ನನ್ನದಾಗಿರುತ್ತದೆ. ಮಿಕ್ಕ ಹೊತ್ತೆಲ್ಲ ಗೊರಗೊರ. ಆ ಸ್ವಲ್ಪ ಹೊತ್ತನ್ನು ಉಳಿಸಿಕೊಳ್ಳಲು ದಿನವಿಡೀ ಬಾಯಿ ಕಟ್ಟಿ ಕೂತಿದ್ದೇನೆ.

ಭಾನು


ಸಿಂಧನೂರು ತಾಲ್ಲೂಕು
23 ಜೂನ್ 2025

ಭಾನು,

ನಿನ್ನ ಕಾಗದವನ್ನು ಸ್ಟಾಫ್ ರೂಮಿನಲ್ಲಿ ಓದಲು ಶುರು ಮಾಡಿ, ಅರ್ಧಕ್ಕೆ ಎದ್ದು ಹೋಗಿ, ನೀರಿನ ಟ್ಯಾಂಕಿನ ಹಿಂದೆ ನಿಂತು ಮುಗಿಸಿದೆ. ಹೆಡ್‌ಮಾಸ್ಟರು ಏನಾಯಿತು ಮೇಡಂ ಎಂದರು. ನನ್ನ ಅಕ್ಕನಿಗೆ ಹುಷಾರಿಲ್ಲ ಎಂದೆ. ನನಗೆ ಅಕ್ಕ ಇಲ್ಲ ಎಂದು ಅವರಿಗೆ ಗೊತ್ತು, ಆದರೂ ನನ್ನ ತರಗತಿಯನ್ನು ತಾವೇ ನೋಡಿಕೊಂಡರು.

ಹಾಸ್ಟೆಲಿನಲ್ಲಿ ಬೆಳಿಗ್ಗೆ ಎಲ್ಲರನ್ನೂ ಎಬ್ಬಿಸುತ್ತಿದ್ದದ್ದು ನಿನ್ನ ದನಿ. ಅದಕ್ಕೆ ನಾನು ಹಾಕಿದ ಶಾಪಗಳು ಒಂದೆರಡಲ್ಲ. ಅದು ನೆನಪಾಗಿ ಊಟ ಸೇರಲಿಲ್ಲ.

ಅವ್ವನಿಗೆ ಹೇಳಿದೆಯಾ? ಹೇಳಿಲ್ಲ ಅನ್ನಿಸುತ್ತದೆ. ಹೇಳು ಭಾನು. ನಾನು ದೂರ ಕೂತು ಬುದ್ಧಿ ಹೇಳುತ್ತೇನೆಂದು ಬೇಸರ ಮಾಡಿಕೊಳ್ಳಬೇಡ.

ಇನ್ನೊಂದು ಮಾತು. ನನ್ನ ತಮ್ಮ ಒಳ್ಳೆಯವನೇ, ಆದರೆ ಅಗ್ಗ ಅಂದರೆ ಚಿಕ್ಕಂದಿನಿಂದ ಅವನಿಗೆ ಹುಚ್ಚು. ಕಂಪ್ಯೂಟರಿನ ವಿಷಯ ಅವನಿಗೆ ತಿಳಿದಷ್ಟು ನನಗೆ ತಿಳಿಯದು. ಆದರೂ ಇದೊಂದನ್ನು ಕಂಪನಿಯವರ ಹತ್ತಿರವೇ ನೇರವಾಗಿ ತೆಗೆದುಕೊಂಡರೆ ಆಗುವುದಿಲ್ಲವೇ? ಹಣ ನಾನು ಹೊಂದಿಸುತ್ತೇನೆ, ನೀನು ಬೇಡ ಅನ್ನಬೇಡ.

ಆಪರೇಷನ್ ಹೊತ್ತಿಗೆ ರಜೆ ಕೇಳಿದ್ದೇನೆ. ಶಾಲೆಯಲ್ಲಿ ಇರುವುದು ಹೆಡ್‌ಮಾಸ್ಟರು, ನಾನು ಇಬ್ಬರೇ, ಸಿಗುವುದು ಕಷ್ಟ.

ಅತಿಯಾ


ಕೋಡಿಹಳ್ಳಿ
8 ಜುಲೈ 2025

ಅತಿಯಾ,

ನಾಡಿದ್ದು ಆಪರೇಷನ್. ನಾಳೆ ಬೆಳಿಗ್ಗೆ ತಮ್ಮ ನಾಗರಾಜು ದೊಡ್ಡಆಲಹಳ್ಳಿಯಿಂದ ಬಂದು ನನ್ನನ್ನು ಬೆಂಗಳೂರಿಗೆ ಕರೆದೊಯ್ಯುತ್ತಾನೆ. ನಾನು ಬರುವವರೆಗೆ ಅವ್ವ ಅವನ ಮನೆಯಲ್ಲಿರುತ್ತಾಳೆ.

ನಿನ್ನ ಕಾಗದ ಕೈಸೇರುವಷ್ಟರಲ್ಲಿ ಶೋಯೆಬ್ ಎಲ್ಲ ಹಾಕಿಕೊಟ್ಟು ಹೋಗಿದ್ದ. ಅವನ ಮೇಲೆ ಅನುಮಾನ ಪಡಬೇಡ ಕಣೆ. ನನಗೋಸ್ಕರ ಅಂಗಡಿ ಮುಚ್ಚಿ ಎರಡು ಸಲ ಶಾಲೆಗೇ ಬಂದ. ನಿನಗೆ ಖರ್ಚು ಹೊರಿಸುವ ಮನಸ್ಸೂ ನನಗಿರಲಿಲ್ಲ.

ದಿನಾ ಬೆಳಿಗ್ಗೆ ಶಾಲೆಗೆ ಮೊದಲೇ ಹೋಗಿ, ನಲಿಕಲಿ ಕೋಣೆಯ ಕಿಟಕಿ ಮುಚ್ಚಿ, ಲ್ಯಾಪ್‌ಟಾಪ್ ಮುಂದೆ ಕೂತು ಓದುತ್ತಿದ್ದೆ. ಮೊದಮೊದಲು ಅವರೇ ಕೊಟ್ಟ ವಾಕ್ಯಗಳು. ಆಮೇಲೆ ನಾನೇ ಬರೆದುಕೊಂಡವು. ಅವ್ವಾ, ಹೊಸ್ತಿಲು ಐತೆ. ಅವ್ವಾ, ಕಾಫಿ ಬಿಸಿ ಐತೆ, ಒಸಿ ತಡಿ. ಅವ್ವಾ, ಮಾತ್ರೆ ತಗೊಂಡ್ಯಾ. ಇಷ್ಟು ವರ್ಷ ದಿನಾ ಅಂದ ಮಾತುಗಳೇ. ಮೈಕಿನ ಮುಂದೆ ಅನ್ನುವಾಗ ಒಂದೊಂದಕ್ಕೂ ನಿಂತು ನಿಂತು ಹೋದೆ. ಅಳು ಬಂದರೆ ದನಿ ಕೆಡುತ್ತದೆ, ಮತ್ತೆ ಓದಬೇಕು. ಅದಕ್ಕೆ ಅಳಲಿಲ್ಲ.

ಓದಿದ್ದನ್ನೆಲ್ಲ ಅದೇ ತನ್ನೊಳಗೆ ತೆಗೆದುಕೊಳ್ಳುತ್ತದೆ. ಬೇರೆ ಕಡೆ ಒಂದು ಕಾಪಿ ಇಟ್ಟುಕೊಳ್ಳಬೇಕೇ ಎಂದು ಕೇಳಿದೆ. "ಎಲ್ಲಾ ಕ್ಲೌಡಲ್ಲಿ ಐತೆ ಭಾನಕ್ಕ, ನಿಮ್ ಲ್ಯಾಪ್‌ಟಾಪ್ ಕೆರೆಗೆ ಬಿದ್ರೂ ಏನೂ ಆಗಲ್ಲ" ಎಂದ ಶೋಯೆಬ್. ತಮಾಷೆ ಏನು ಗೊತ್ತಾ, ತೆರೆದಾಗ ಮೇಲೆ ನನ್ನ ಹೆಸರು ಬರುವುದೇ ಇಲ್ಲ. ನಮಸ್ಕಾರ ಮಾರ್ಟಿನ್ ಎಂದು ಇಂಗ್ಲಿಷಿನಲ್ಲಿ ಬರುತ್ತದೆ. ಕಂಪನಿಯ ಯಜಮಾನನ ಹೆಸರಿರಬೇಕು ಎಂದುಕೊಂಡೆ. ನಾನೂ ದಿನಾ, ನಮಸ್ಕಾರ ಮಾರ್ಟಿನ್ ಸಾಹೇಬರೇ, ಎಂದೇ ಶುರು ಮಾಡುತ್ತಿದ್ದೆ.

ನಿನ್ನೆ ದನಿ ತಯಾರಾಯಿತು. ಸಂಜೆ ಅವ್ವ ಜಗಲಿಯಲ್ಲಿ ಕೂತಿದ್ದಳು. ನಾನು ಒಳಗಿನಿಂದ ಬಾಯಿ ಬಿಡದೆ, ಅವ್ವಾ ಊಟಕ್ಕೆ ಬಾ ಎಂದು ಟೈಪ್ ಮಾಡಿ ಒತ್ತಿದೆ. ಅದು ಕರೆಯಿತು. ನನ್ನದೇ ದನಿ, ಅತಿಯಾ. ಕಾಯಿಲೆ ಬರುವ ಮೊದಲಿನದು. ಅವ್ವ ಗೋಡೆ ಹಿಡಿದುಕೊಂಡು ಎದ್ದಳು. "ಬಂದೆ ಕಣವ್ವ, ಅದೇನ್ ಆತುರ ನಿಂಗೆ" ಎಂದಳು. ಲ್ಯಾಪ್‌ಟಾಪ್ ಮುಚ್ಚಿ ಅದರ ಮೇಲೆ ತಲೆಯಿಟ್ಟು ಆಗ ಅತ್ತೆ.

ಅವಳಿಗೆ ನಾನು ಹೇಳಿಲ್ಲ. ಗಂಟಲಲ್ಲಿ ಗೆಡ್ಡೆ, ತೆಗೆಸಿಕೊಂಡು ಬರುತ್ತೇನೆ ಎಂದಷ್ಟೇ ಹೇಳಿದ್ದೇನೆ. ಇನ್ನು ಹೇಳುವ ಅಗತ್ಯವೂ ಇಲ್ಲ, ಅಲ್ಲವಾ?

ಭಾನು


ಸಿಂಧನೂರು ತಾಲ್ಲೂಕು
17 ಜುಲೈ 2025

ಭಾನು,

ನಾಗರಾಜು ಕಳಿಸಿದ ಮೆಸೇಜು ಪೇಟೆಗೆ ಬಂದಾಗ ನೋಡಿದೆ. ಆಪರೇಷನ್ ಚೆನ್ನಾಗಿ ಆಯಿತು ಎಂದು ಓದಿ ಬಸ್‌ಸ್ಟ್ಯಾಂಡಿನಲ್ಲೇ ಕೂತುಬಿಟ್ಟೆ. ರಜೆ ಸಿಗಲಿಲ್ಲ. ಸಿಗಲಿಲ್ಲ ಎಂದು ಬರೆಯುವುದು ಎಷ್ಟು ಸುಲಭ.

ನಿನ್ನ ಕಾಗದ ಆಪರೇಷನ್ನಿನ ಮಾರನೆಯ ದಿನ ನನ್ನ ಕೈಸೇರಿತು. ಅವ್ವ ಎದ್ದು ಬಂದದ್ದನ್ನು ಮನೆಯಲ್ಲಿ ನಿಯಾಜ್‌ಗೆ ಓದಿ ಹೇಳಿದೆ. ನನ್ನ ಗಂಡನ ಕಣ್ಣಲ್ಲಿ ನೀರು ಕಂಡದ್ದು ನಮ್ಮ ಮದುವೆಯಾದ ಮೇಲೆ ಅದು ಎರಡನೆಯ ಸಲ.

ಆ ಮಾರ್ಟಿನ್ ಯಾರು? ನೀನು ಕೊಂಡ ಸಾಮಾನಿನ ಮೇಲೆ ಇನ್ನೊಬ್ಬನ ಹೆಸರು ಯಾಕೆ? ಶೋಯೆಬ್‌ಗೆ ಹೇಳಿ ನಿನ್ನ ಹೆಸರಿಗೆ ಮಾಡಿಸಿಕೋ. ಆಗದಿದ್ದರೆ ನೀನು ಓದಿದ್ದನ್ನಾದರೂ ಇಳಿಸಿ ಇಟ್ಟುಕೋ. ಸುಮ್ಮನೆ ಹೇಳುತ್ತಿದ್ದೇನೆ, ಹೆದರಬೇಡ. ಈಗ ನಿನ್ನ ಮೈ ಗುಣವಾಗಲಿ. ಉಳಿದದ್ದೆಲ್ಲ ನಿಧಾನ.

ಅತಿಯಾ


ಕೋಡಿಹಳ್ಳಿ
20 ಆಗಸ್ಟ್ 2025

ಅತಿಯಾ,

ಮನೆಗೆ ಬಂದು ಎರಡು ವಾರವಾಯಿತು. 

ಕತ್ತಿನ ತೂತಿಗೆ ಒಂದು ಬಟ್ಟೆ ಕಟ್ಟಿಕೊಳ್ಳುತ್ತೇನೆ. ಕನ್ನಡಿ ನೋಡುವುದು ಕಡಿಮೆ ಮಾಡಿದ್ದೇನೆ. ಸೀನು ಬಂದರೆ ಮೂಗಿನಲ್ಲಲ್ಲ, ಕತ್ತಿನಲ್ಲಿ ಬರುತ್ತದೆ. ವಾಸನೆ ತಿಳಿಯುವುದಿಲ್ಲ. ಸಾರು ಸೀದದ್ದನ್ನು ಈಗ ಅವ್ವನೇ ಹೇಳಬೇಕು. ಮುಂದಿನ ತಿಂಗಳಿಂದ ಕರೆಂಟು, ಅಂದರೆ ರೇಡಿಯೇಷನ್, ಕೊಡುವುದು ಬೇರೆ ಇದೆ.

ಆದರೆ ನಾನು ಮಾತಾಡುತ್ತಿದ್ದೇನೆ. ಲ್ಯಾಪ್‌ಟಾಪ್ ಸಾಕಾಗದೆ ಅದನ್ನು ಫೋನಿಗೂ ಹಾಕಿಸಿಕೊಂಡೆ. ಸೆರಗಿನಲ್ಲಿ ಫೋನ್ ಹಿಡಿದು ಅವ್ವನ ಹಿಂದೆ ಮುಂದೆ ಓಡಾಡುತ್ತೇನೆ. ಅವ್ವ ಹೇಳಿದಳು, "ನಿನ್ ಗಂಟ್ಲು ಗುಣ ಆಯ್ತು ಬುಡವ್ವ. ಆದ್ರೆ ಯಾಕೋ ಒಸಿ ನಿಧಾನ ಆಗೋದೆ. ಒಂದ್ ಮಾತ್ ಕೇಳುದ್ರೆ ಯೋಚ್ನೆ ಮಾಡಿ ಹೇಳ್ತೀಯ. ಮುಂಚೆ ಹಂಗಿರ್ನಿಲ್ಲ." ನಾನು ಟೈಪ್ ಮಾಡುವ ಹೊತ್ತನ್ನು ಅವಳು ಯೋಚನೆ ಎಂದು ತಿಳಿದಿದ್ದಾಳೆ. ಇನ್ನೊಂದು ದಿನ, "ನೀನೀಗ ಬೈಯೋದೇ ಇಲ್ಲ ನನ್ನ" ಎಂದಳು. ಆ ಯಂತ್ರಕ್ಕೆ ಬೈಯಲು ಬರುವುದಿಲ್ಲ ಕಣೆ. ಬೈಗುಳ ಬರೆದರೂ ಪ್ರೀತಿಯಿಂದಲೇ ಹೇಳುತ್ತದೆ.

ಮಾರ್ಟಿನ್ ವಿಷಯ ಶೋಯೆಬ್‌ನನ್ನು ಕೇಳಿದೆ. ಅವನು ಮಾರಿದವರನ್ನು ಕೇಳಿದನಂತೆ. ಸಗಟಾಗಿ ತಂದು ಮಾರುವುದು, ಯಾವ ಹೆಸರಾದರೂ ಬರುತ್ತದೆ, ಕೈ ಹಚ್ಚಬೇಡಿ ಎಂದರಂತೆ. ನಾನೂ ಸುಮ್ಮನಾದೆ. ಚೆನ್ನಾಗಿ ನಡೆಯುತ್ತಿರುವುದನ್ನು ಕೆದಕಿ ಏನಾದರೂ ಆದರೆ?

ಭಾನು


ಕೋಡಿಹಳ್ಳಿ
9 ಸೆಪ್ಟೆಂಬರ್ 2025

ಅತಿಯಾ,

ದನಿ ಹೋಯಿತು.

ಶುಕ್ರವಾರ ಬೆಳಿಗ್ಗೆ. ಅವ್ವ ಸ್ನಾನಕ್ಕೆಂದು ಬಚ್ಚಲ ಕಡೆ ಹೋಗುತ್ತಿದ್ದಳು. ಬಾಗಿಲಲ್ಲೇ ಕುದಿಯುವ ನೀರಿನ ಹಂಡೆ ಇಳಿಸಿದ್ದೆ. ಅವ್ವಾ ನಿಲ್ಲು ಎಂಬುದನ್ನು ಒತ್ತಿದೆ. ಸದ್ದಿಲ್ಲ. ಮತ್ತೆ ಒತ್ತಿದೆ. ಫೋನ್ ಬಿಸಾಕಿ ಓಡಿಹೋಗಿ ಅವಳ ರಟ್ಟೆ ಹಿಡಿದು ಎಳೆದೆ. ಬೆಚ್ಚಿಬಿದ್ದು "ಯಾರು, ಯಾರದು" ಎಂದು ಕಿರುಚಿದಳು. ನನ್ನ ಬಾಯಿ ನಾನು ನಾನು ಎನ್ನುತ್ತಲೇ ಇತ್ತು, ಅತಿಯಾ. ಕತ್ತಿನಿಂದ ಬರೀ ಗಾಳಿ ಬರುತ್ತಿತ್ತು.

ಫೋನಿನಲ್ಲಿ ಈ ಖಾತೆಯನ್ನು ಮುಚ್ಚಲಾಗಿದೆ ಎಂದು ಬರೆದಿತ್ತು. ಲ್ಯಾಪ್‌ಟಾಪಿನಲ್ಲೂ ಅದೇ.

ಶೋಯೆಬ್ ಮಧ್ಯಾಹ್ನವೇ ಬೈಕಿನಲ್ಲಿ ಬಂದ. ಆ ಮಾರಾಟದ ವೆಬ್‌ಸೈಟೇ ಈಗ ತೆರೆಯುವುದಿಲ್ಲ. ಅವರು ಕೊಟ್ಟಿದ್ದ ನಂಬರು ಚಾಲ್ತಿಯಲ್ಲಿಲ್ಲ. ಅವ್ವನಿಗೆ ಕೇಳಿಸದಂತೆ ಹಿತ್ತಲಲ್ಲಿ ಕೂತು ಸಂಜೆಯ ತನಕ ಏನೇನೋ ಮಾಡಿದ, ಕೊನೆಗೆ ಲ್ಯಾಪ್‌ಟಾಪ್ ಮುಚ್ಚಿದ. ಮಾಗಡಿಯ ಮುನಿಶಾಮಯ್ಯ ಎಂಬ ಫೋಟೋ ಸ್ಟುಡಿಯೋದವರಿಗೂ ಅಲ್ಲಿಂದಲೇ ಏನೋ ತರಿಸಿಕೊಟ್ಟಿದ್ದನಂತೆ, ಅದೂ ನಿಂತಿದೆಯಂತೆ. "ಭಾನಕ್ಕ, ಮತ್ತೆ ಹೊಸ್ದಾಗಿ ರೆಕಾರ್ಡ್..." ಎಂದು ಶುರು ಮಾಡಿದವನು ನನ್ನ ಕತ್ತು ನೋಡಿ ಅಲ್ಲಿಗೇ ನಿಲ್ಲಿಸಿದ.

ನಿನಗೆ ಇಂಗ್ಲಿಷ್ ನನಗಿಂತ ಚೆನ್ನಾಗಿ ಬರುತ್ತದೆ. ಕಂಪನಿಯ ವಿಳಾಸವನ್ನು ಬೇರೆ ಚೀಟಿಯಲ್ಲಿ ಬರೆದು ಇಟ್ಟಿದ್ದೇನೆ. ಅವರಿಗೆ ಬರೆಯುತ್ತೀಯಾ? ನಾನು ಯಾರು, ಏನಾಯಿತು, ಅವ್ವನ ವಿಷಯ, ಎಲ್ಲ ಬರೆ. ಸಾಫ್ಟ್‌ವೇರ್ ಕೊಡದಿದ್ದರೂ ಬೇಡ, ನಾನು ಓದಿದ್ದಷ್ಟನ್ನು ವಾಪಸು ಕೊಡಿ ಎಂದು ಕೇಳು.

ಭಾನು


ಸಿಂಧನೂರು ತಾಲ್ಲೂಕು
28 ಸೆಪ್ಟೆಂಬರ್ 2025

ಭಾನು,

ಈ ಕಾಗದವನ್ನು ಎರಡು ಸಲ ಬರೆದು ಹರಿದೆ. ನೇರವಾಗಿ ಹೇಳುತ್ತೇನೆ. ಸಿಗುವುದಿಲ್ಲ.

ನಾನು ಬರೆದದ್ದಕ್ಕೆ ಮೊದಲು ಯಂತ್ರದ ಉತ್ತರ ಬಂತು. ಮತ್ತೆ ಮತ್ತೆ ಬರೆದ ಮೇಲೆ ಒಬ್ಬ ಹೆಣ್ಣುಮಗಳು ತಾನೇ ಕೂತು ಬರೆದಳು. ಆ ಖಾತೆ ವಿದೇಶದ ಒಂದು ಕಾಲೇಜಿನದು. ಮಾರ್ಟಿನ್ ಅಲ್ಲಿನ ಮೇಷ್ಟ್ರು. ಅವನ ಪಾಸ್‌ವರ್ಡ್ ಕದ್ದ ಯಾರೋ ಆ ಖಾತೆಯೊಳಗೆ ಜಾಗ ಮಾಡಿ ಮಾಡಿ ಎಲ್ಲೆಲ್ಲಿಯವರಿಗೋ ಮಾರಿದ್ದಾರೆ. ಕಾಲೇಜಿಗೆ ತಿಳಿದ ತಕ್ಷಣ ಖಾತೆ ಮುಚ್ಚಿಸಿ, ಒಳಗಿದ್ದ ಗುರುತಿಲ್ಲದವರ ದನಿಗಳನ್ನೆಲ್ಲ ಅಳಿಸಲು ಕಾಲೇಜಿನವರು ಹೇಳಿದ್ದಾರೆ. ಅವರ ಲೆಕ್ಕದಲ್ಲಿ ಅದು ಸರಿಯೇ. ಬೇರೆಯವರ ದನಿ ತಮ್ಮ ಹತ್ತಿರ ಇರಬಾರದು ಎಂದು ಅಳಿಸಿದ್ದಾರೆ. ಅಳಿಸಿದ್ದನ್ನು ಮತ್ತೆ ತರಲು ಆಗುವುದಿಲ್ಲವಂತೆ. ನಿಮ್ಮ ಗೆಳತಿಗೆ ಏನು ಹೇಳಬೇಕೋ ನನಗೆ ತಿಳಿಯುತ್ತಿಲ್ಲ ಎಂದು ಕೊನೆಯಲ್ಲಿ ಬರೆದಿದ್ದಾಳೆ. ನನಗೂ ತಿಳಿಯುತ್ತಿಲ್ಲ.

ಶೋಯೆಬ್ ರಾಮನಗರಕ್ಕೆ ಹೋಗಿ ದೂರು ಕೊಟ್ಟಿದ್ದಾನೆ. ಪೊಲೀಸರು ಬರೆದುಕೊಂಡಿದ್ದಾರೆ. ಅಂಗಡಿ ತೆಗೆಯುತ್ತಿಲ್ಲವಂತೆ, ಅಮ್ಮಿ ಫೋನಿನಲ್ಲಿ ಅತ್ತಳು. ನಾನು ಅವನಿಗೆ ಬಾಯಿಗೆ ಬಂದಂತೆ ಬೈದೆ. 

ನಿನ್ನ ಹಳೆಯ ವಾಯ್ಸ್ ಮೆಸೇಜುಗಳಿಗಾಗಿ ಫೋನೆಲ್ಲ ಜಾಲಾಡಿದೆ. ಜಾಗ ಸಾಲದೆಂದು ಬೇಸಿಗೆಯಲ್ಲಿ ಎಲ್ಲವನ್ನೂ ಅಳಿಸಿದ್ದೆ. ದಸರಾ ರಜೆಗೆ ಬರೋಣವೆಂದುಕೊಂಡಿದ್ದೆ, ಸಮೀಕ್ಷೆಗೆ ಹಾಕಿದ್ದಾರೆ. ಮನೆಮನೆ ಬಾಗಿಲು ತಟ್ಟಿ ಜನರ ಮಾತು ಬರೆದುಕೊಳ್ಳುತ್ತಿದ್ದೇನೆ. ಅವ್ವನಿಗೆ ಏನು ಹೇಳಿದೆ?

ಅತಿಯಾ


ಸಿಂಧನೂರು ತಾಲ್ಲೂಕು
30 ಅಕ್ಟೋಬರ್ 2025

ಭಾನು,

ನನ್ನ ಕಾಗದಕ್ಕೆ ಒಂದು ತಿಂಗಳಿಂದ ನಿನ್ನ ಉತ್ತರವಿಲ್ಲ. ಪೇಟೆಗೆ ಹೋದಾಗ ಕಳಿಸಿದ ಮೆಸೇಜು ಓದಿದ ಗುರುತು ಬರುತ್ತದೆ, ಉತ್ತರ ಬರುವುದಿಲ್ಲ. ನಿನಗೆ ಸಿಟ್ಟಿದೆ. ನನ್ನ ತಮ್ಮ ಮಾಡಿದ್ದಕ್ಕೆ ನನ್ನ ಮೇಲೂ ಸಿಟ್ಟು ಬಂದರೆ ಅದು ನ್ಯಾಯವೇ. ಆದರೆ ಆ ಸಿಟ್ಟನ್ನಾದರೂ ಬರೆ. ಇಷ್ಟು ದೂರದಲ್ಲಿ ಕೂತವಳಿಗೆ ನಿನ್ನ ಅಕ್ಷರ ಬಿಟ್ಟರೆ ಬೇರೆ ಏನಿದೆ?

ಅತಿಯಾ


ಕೋಡಿಹಳ್ಳಿ
6 ನವೆಂಬರ್ 2025

ಅತಿಯಾ,

ಸಿಟ್ಟಲ್ಲ ಕಣೆ. ನಾಚಿಕೆ. ಬರೆಯಲು ಕೂತರೆ ನಿನಗೆ ಇದನ್ನು ಹೇಳಬೇಕಾಗುತ್ತದೆ ಎಂದು ಬರೆಯಲಿಲ್ಲ.

ದನಿ ನಿಂತ ದಿನ ಸಂಜೆ ನಾಗರಾಜು ಬಂದ. ಅಷ್ಟು ಹೊತ್ತಿಗೆ ಅವ್ವ ಮೂಲೆ ಹಿಡಿದು ಕೂತು, ಯಾರೋ ಮನೆಯೊಳಗೆ ಬಂದವರೆ, ಮಾತಾಡ್ತಿಲ್ಲ, ಭಾನು ಎಲ್ಲಿ ಎಂದು ಕೇಳಿ ಕೇಳಿ ಸುಸ್ತಾಗಿದ್ದಳು. ಹತ್ತಿರ ಹೋದರೆ ಕೈ ಬೀಸುತ್ತಿದ್ದಳು. ನಾಗರಾಜುವಿನ ದನಿ ಕೇಳಿದ ಮೇಲೆ, "ನಾಗ, ನಿಮ್ಮಕ್ಕ ಎಲ್ಲೋದ್ಲು? ಇದ್ಯಾರ್ಲಾ?" ಎಂದಳು. ಅವನು ನನ್ನ ಮುಖ ನೋಡಿದ. ನಿಜ ಹೇಳಿದರೆ ಅವಳು ಅಲ್ಲೇ ಬಿದ್ದುಹೋಗುತ್ತಾಳೆ ಎಂದು ಹೆದರಿರಬೇಕು. "ಅಕ್ಕಂಗೆ ಮೈಸೂರಲ್ಲಿ ಟ್ರೈನಿಂಗ್ ಹಾಕವ್ರೆ ಕಣವ್ವ, ಅರ್ಜೆಂಟಾಗಿ ಹೋದ್ಲು. ನಿನ್ನ ನೋಡ್ಕೊಳೋಕೆ ಮರಳವಾಡಿ ಕಡೆಯಿಂದ ಒಬ್ರು ಹೆಂಗ್ಸು ಬಂದವ್ರೆ. ಪಾಪ, ಮಾತು ಬರಲ್ಲ ಅವ್ರಿಗೆ" ಎಂದುಬಿಟ್ಟ.

ಅಲ್ಲ ಎನ್ನಲು ನನಗೆ ಬಾಯಿಲ್ಲ. ಅವನ ತೋಳು ಹಿಡಿದು ಅಲ್ಲಾಡಿಸಿದೆ, ಅಷ್ಟೇ. ಹೊರಗೆ ಕರೆದೊಯ್ದು, "ಎರಡು ದಿನ ಕಣಕ್ಕ, ಆಮೇಲೆ ಹೇಳನ" ಎಂದ. ಅಕ್ಕಪಕ್ಕದವರಿಗೂ ಅವ್ವನ ಮುಂದೆ ಬಾಯಿ ಬಿಡಬೇಡಿ ಎಂದು ಹೇಳಿ ಹೋದ. ನಿನ್ನ ಕಾಗದ ಬಂದು, ದನಿ ಇನ್ನು ಸಿಗುವುದಿಲ್ಲ ಎಂದು ತಿಳಿಯುವವರೆಗೂ ನಾನೂ ಹಾಗೇ ಅಂದುಕೊಂಡಿದ್ದೆ. ಹೀಗೆ ಎರಡು ತಿಂಗಳಿಂದ ನನ್ನ ಅವ್ವನ ಮನೆಯಲ್ಲಿ ನಾನು ಕೆಲಸದವಳು.

ಅವಳು ನನ್ನನ್ನು ಮರಳವಾಡಮ್ಮ ಎನ್ನುತ್ತಾಳೆ. ಮೊದಮೊದಲು ನನ್ನ ಕೈಯಿಂದ ಊಟ ತೆಗೆದುಕೊಳ್ಳಲು ಹಿಂಜರಿದಳು, ಆಮೇಲೆ ಹೊಂದಿಕೊಂಡಳು. ಅವಳ ಬೆರಳಿಗೆ ನನ್ನ ಗುರುತು ಸಿಗುವುದಿಲ್ಲ. ನಾನು ತೆಳ್ಳಗಾಗಿದ್ದೇನೆ, ಮೈಯೆಲ್ಲ ಆಸ್ಪತ್ರೆಯ ವಾಸನೆಯಂತೆ. "ನಿನ್ ಕೈಯಡುಗೆ ಚಂದಾಗೈತೆ ಕಣಮ್ಮ. ನನ್ ಮಗ್ಳು ಸಾರ್‌ಗೆ ಉಪ್ಪು ಜಾಸ್ತಿ ಹಾಕೋಳು, ಹೇಳುದ್ರೆ ಸಿಟ್ಟು ಬರೋದು ಅವ್ಳಿಗೆ" ಎಂದಳು ಒಂದು ದಿನ. ಅದೇ ಸಾರು, ಅದೇ ಉಪ್ಪು.

ಸಂಜೆ ಜಗಲಿಯಲ್ಲಿ ಕೂತು ನನ್ನ ವಿಷಯ ನನಗೇ ಹೇಳುತ್ತಾಳೆ. ನಾನು ಹುಟ್ಟಿದಾಗ ಹೆಣ್ಣೆಂದು ಯಾರೂ ನೋಡಲು ಬರಲಿಲ್ಲವಂತೆ, ಅಪ್ಪ ಮಾತ್ರ ಹೊಲದಿಂದ ಓಡಿ ಬಂದನಂತೆ. "ನಂಗೋಸ್ಕರ ಮದ್ವೆ ಆಗ್ನಿಲ್ಲ ಅವ್ಳು. ಬಾಯ್ಬುಟ್ಟು ಹೇಳ್ನಿಲ್ಲ, ನಂಗೆ ಗೊತ್ತಾಯ್ತದೆ. ನಾನೂ ಕೇಳ್ನಿಲ್ಲ. ಕೇಳುದ್ರೆ ಎಲ್ಲಿ ಹೊಂಟೋಯ್ತಾಳೋ ಅಂತ ಭಯ ಇತ್ತು" ಎಂದಳು. ಮಗಳಾಗಿದ್ದಾಗ ಈ ಮಾತು ನನಗೆ ಒಂದು ದಿನವೂ ಸಿಕ್ಕಿರಲಿಲ್ಲ. ಅದನ್ನು ಕೇಳುವ ಆಸೆಗೇ ನಾನು ಇನ್ನೂ ಒಂದು ದಿನ, ಇನ್ನೂ ಒಂದು ದಿನ ಎಂದು ಕೆಲಸದವಳಾಗಿಯೇ ಉಳಿದೆನೇನೋ. ನಾಚಿಕೆ ಎಂದದ್ದು ಅದಕ್ಕೆ.

ಕತ್ತಿಗೆ ಒತ್ತಿ ಹಿಡಿದು ಮಾತಾಡುವ ಒಂದು ಯಂತ್ರ ಆಸ್ಪತ್ರೆಯಲ್ಲಿ ಕೊಟ್ಟಿದ್ದಾರೆ. ಕರೆಂಟು ಕೊಟ್ಟು ಕತ್ತು ಊದಿರುವುದರಿಂದ ಸರಿಯಾಗಿ ಹಿಡಿಸುವುದಿಲ್ಲ. ಒಂದು ಸಲ ಅವ್ವನ ಹತ್ತಿರ ಕೂತು ಅದರಲ್ಲಿ ಅವ್ವಾ ಎಂದೆ. ದುಂಬಿ ಗುಂಯ್‌ಗುಟ್ಟಿದ ಹಾಗೆ ಬಂತು. ಹೆದರಿ ಎದ್ದುಬಿಟ್ಟಳು.

ಈಚೆಗೆ ಅವಳು ಊಟ ಕಡಿಮೆ ಮಾಡಿದ್ದಾಳೆ. ಮಗಳ ವಿಷಯವನ್ನೂ ಎತ್ತುತ್ತಿಲ್ಲ. ನಾಗರಾಜುವನ್ನು ಭಾನು ಯಾವಾಗ ಬತ್ತಾಳೆ ಎಂದು ಕೇಳುವುದನ್ನೂ ಬಿಟ್ಟಿದ್ದಾಳೆ. ಮಗಳು ಮರೆತಳು ಎಂದು ಬೇಜಾರಾಗಿರಬೇಕು.

ಭಾನು


ಸಿಂಧನೂರು ತಾಲ್ಲೂಕು
16 ನವೆಂಬರ್ 2025

ಭಾನು,

ಹೇಳಿಬಿಡು. ಈ ಕಾಗದ ಮಡಚಿಟ್ಟ ತಕ್ಷಣ ಹೋಗಿ ಹೇಳು. ಹೇಗೆ ಎಂದು ನನಗೂ ಗೊತ್ತಿಲ್ಲ. ಬಿದ್ದುಹೋದರೆ ಎತ್ತಲು ನೀನಿದ್ದೀಯಲ್ಲ.

ಶೋಯೆಬ್ ನಿಮ್ಮೂರಿಗೆ ಬರುತ್ತಾನೆ. ಇಷ್ಟು ದಿನ ಅವನು ಏನು ಮಾಡುತ್ತಿದ್ದ ಎಂದು ಈಗ ತಿಳಿಯಿತು. ನಿನ್ನ ಹಳೆಯ ವಿದ್ಯಾರ್ಥಿಗಳ ಮನೆಮನೆಗೆ ಹೋಗಿ, ಮಿಸ್ ಮಾತಾಡಿದ ವಿಡಿಯೋ ನಿಮ್ಮ ಫೋನಿನಲ್ಲಿದೆಯೇ ಎಂದು ಕೇಳುತ್ತಿದ್ದನಂತೆ. ಒಬ್ಬರ ಹತ್ತಿರ ಶಾಲಾ ವಾರ್ಷಿಕೋತ್ಸವದ ಚಿಕ್ಕ ತುಣುಕು ಸಿಕ್ಕಿದೆ. ಮೈಕಿನ ಕಿರಿಚಾಟ, ಮಕ್ಕಳ ಗಲಾಟೆ. ಅದರಿಂದ ದನಿ ಮಾಡಲು ಬರುವುದಿಲ್ಲ. ಕೊಟ್ಟು ಬರುತ್ತೇನೆ ಆಪಾ, ನನ್ನನ್ನು ಒಳಗೆ ಬಿಡದಿದ್ದರೂ ಪರವಾಗಿಲ್ಲ ಎಂದ. ಒಳಗೆ ಬಿಡು.

ಅತಿಯಾ


ಕೋಡಿಹಳ್ಳಿ
7 ಡಿಸೆಂಬರ್ 2025

ಅತಿಯಾ,

ಶೋಯೆಬ್ ಬಂದಿದ್ದ. ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ನಿನ್ನ ಕಾಗದ ಬಂದ ಮೇಲೂ ನನಗೆ ಧೈರ್ಯ ಬಂದಿರಲಿಲ್ಲ. ಅವನು ಬಂದ ದಿನ ಅವ್ವ ಬೆಳಗಿನಿಂದ ಏನೂ ತಿಂದಿರಲಿಲ್ಲ. ಅವನು ಬಾಗಿಲಲ್ಲೇ ನಿಂತ. ಕೈ ಹಿಡಿದು ಒಳಗೆ ಕರೆತಂದೆ. ಫೋನ್ ತೆಗೆದು ತೋರಿಸಿದ. ಅದರಲ್ಲಿ ನಾನಿದ್ದೆ, ನೀಲಿ ಸೀರೆ, ಕೈಯಲ್ಲಿ ಮೈಕು. ಈಗ ಮೂರನೇ ತರಗತಿ ಮಕ್ಕಳಿಂದ ಕೋಲಾಟ ಎಂದು ಹೇಳಿ, ಯಾರಿಗೋ ಏನೋ ಗದರಿ, ನಕ್ಕೆ. ಅಷ್ಟೇ ಇರುವುದು. ಮಗಳ ಮಾತು ಕೇಳಿದರೆ ಅವ್ವ ಎರಡು ತುತ್ತು ತಿಂದಾಳು ಎಂದು ಅವಳ ಕಿವಿಯ ಹತ್ತಿರ ಹಿಡಿದೆ.

ಅವ್ವ ಪೂರ್ತಿ ಕೇಳಿದಳು. ಆಮೇಲೆ ಫೋನನ್ನು ಪಕ್ಕಕ್ಕೆ ತಳ್ಳಿದಳು. "ಮರಳವಾಡಮ್ಮ, ನೀನು ಒಳ್ಳೇವ್ಳು. ನಿಂಗೆ ಹೇಳ್ಕೊಟ್ಟಂಗೆ ಮಾಡ್ತಿದ್ದೀಯ. ನನ್ ಮಗ್ಳು ಆಸ್ಪತ್ರೆಲೇ ಹೋಗ್ಬುಟ್ಲು ಅಂತ ನಂಗೆ ಗೊತ್ತೈತೆ. ಆಪ್ರೇಸನ್ ಆದ್ಮೇಲೆ ಮನೇಲಿ ಮಾತಾಡ್ತಿದ್ದುದ್ದೂ ಇಂಥ ಪೆಟ್ಟಿಗೇನೇ. ಉಸ್ರು ತಗೊಳ್ದಂಗೆ ಯಾರ್ ಮಾತಾಡ್ತಾರೆ? ನಾಗಂಗೆ ಹೇಳೋ ಧೈರ್ಯ ಇಲ್ಲ, ಅವ್ನ ಯಾಕ್ ಸುಡ್ಲಿ ಅಂತ ನಾನೂ ಸುಮ್ಕಿವ್ನಿ. ಸತ್ತೋಳ ದನಿ ಮತ್ತೆ ತಂದು ಕೇಳಿಸ್ಬೇಡಿ ಕಣಮ್ಮ" ಎಂದಳು.

ನನ್ನ ಅವ್ವ ಇಷ್ಟು ದಿನ ನನ್ನ ಪಕ್ಕದಲ್ಲೇ ಕೂತು, ನಾನು ಹಾಕಿದ ಊಟ ಬಿಟ್ಟು, ನನ್ನ ಸಾವಿಗೆ ಒಬ್ಬಳೇ ದುಃಖಪಟ್ಟಿದ್ದಳು. ಮಗಳು ಮರೆತಳೆಂದು ಬೇಜಾರು ಎಂದು ನಾನು ನಿನಗೆ ಬರೆದಿದ್ದೆ.

ಶೋಯೆಬ್ ನೆಲದ ಮೇಲೆ ಕೂತ. "ಅಜ್ಜಿ, ಭಾನಕ್ಕ ಸತ್ತಿಲ್ಲ. ನಿಮ್ ಮುಂದೇನೇ ಕೂತವ್ರೆ" ಎಂದ.

"ಯಾರ್ಲಾ ನೀನು? ಕಣ್ಣಿಲ್ದೋಳು ಅಂತ ಆಟ ಆಡ್ಬೇಡ."

ನಾನು ಕತ್ತಿನ ಬಟ್ಟೆ ಬಿಚ್ಚಿದೆ. ಅವಳ ತಲೆಯನ್ನು ಎರಡೂ ಕೈಯಲ್ಲಿ ಹಿಡಿದೆ. ಕೊಸರಿಕೊಂಡಳು, ಬಿಡಲಿಲ್ಲ. ಅವಳ ಕೆನ್ನೆಯನ್ನು ನನ್ನ ಕತ್ತಿನ ತೂತಿಗೆ ತಾಗಿಸಿ ಹಿಡಿದುಕೊಂಡೆ. ಅಳುತ್ತಿದ್ದೆ, ಉಸಿರು ಬಿಸಿಯಾಗಿ ಜೋರಾಗಿ ಬರುತ್ತಿತ್ತು. ಅವ್ವ ಕೊಸರುವುದನ್ನು ನಿಲ್ಲಿಸಿದಳು.  ಆಮೇಲೆ ಕೇಳಿದಳು, "ಇಲ್ಲಿಂದ್ಲಾ ಉಸ್ರಾಡ್ತೀಯ?"

ನಾನು ಅವಳ ತಲೆಗೆ ತಲೆ ತಾಗಿಸಿ ಹೂಂ ಎಂದು ಆಡಿಸಿದೆ.

"ಭಾನು?"

ಮತ್ತೆ ಆಡಿಸಿದೆ.

"ಕುಯ್ದಾಗ ನೋವಾಯ್ತೇನವ್ವ?" ಎಂದಳು. ಅವಳು ಕೇಳಿದ್ದು ಅದೊಂದನ್ನೇ.

ಶೋಯೆಬ್ ಒಂದನ್ನೂ ಬಿಡದೆ ಹೇಳಿದ. ಸಾಫ್ಟ್‌ವೇರ್ ಎಂದರೆ ಅವಳಿಗೆ ಏನು ತಿಳಿಯಬೇಕು. ದನಿ ಎತ್ತಿಡುವ ಸಾಮಾನು ಅಜ್ಜಿ, ನಾನು ಅಗ್ಗಕ್ಕೆ ತಂದೆ, ಅದು ಕಳ್ಳಮಾಲು ಎಂದ. ಅವ್ವ ಅವನ ದನಿ ಬಂದ ಕಡೆ ಮುಖ ತಿರುಗಿಸಿ, "ದನಿನೂ ಮಾರ್ತಾರೇನಪ್ಪ ಈಗ?" ಎಂದಳು.  ಅವನನ್ನು ಕ್ಷಮಿಸಿದಳೋ ಇಲ್ಲವೋ ನನಗೆ ತಿಳಿಯಲಿಲ್ಲ. ಹೊರಡುವಾಗ ಉಂಡು ಹೋಗು ಎಂದಳು. ಉಂಡು ಹೋದ. ಈಗ ಅಂಗಡಿ ತೆಗೆದಿದ್ದಾನಂತೆ.

ಎಲ್ಲ ಸರಿಹೋಯಿತು ಎಂದುಕೊಳ್ಳಬೇಡ. ನಾಗರಾಜುವಿನ ಜೊತೆ ಅವ್ವ ಇನ್ನೂ ಸರಿಯಾಗಿ ಮಾತಾಡುತ್ತಿಲ್ಲ. ನನ್ನ ಮುಂದೆ ಅಂದಿದ್ದೆಲ್ಲ ನೆನಪಾಗಿ ಅವಳಿಗೆ ಸಂಕೋಚ, ಅದನ್ನೆಲ್ಲ ಕೇಳಿಸಿಕೊಂಡದ್ದಕ್ಕೆ ನನಗೆ ಸಂಕೋಚ. ಒಮ್ಮೊಮ್ಮೆ ನಿದ್ದೆಗಣ್ಣಲ್ಲಿ ಮರಳವಾಡಮ್ಮ ನೀರು ಕೊಡು ಎಂದುಬಿಡುತ್ತಾಳೆ. ರಟ್ಟೆಯನ್ನು ಒಂದು ಸಲ ಒತ್ತಿದರೆ ನಿಲ್ಲು, ಎರಡು ಸಲ ಒತ್ತಿದರೆ ಬಾ ಎಂದು ಮಾಡಿಕೊಂಡಿದ್ದೇವೆ. ಅದಕ್ಕಿಂತ ಹೆಚ್ಚಿಗೆ ಹೇಳಲು ಆಗುವುದಿಲ್ಲ, ಫೋನಿನಲ್ಲಿರುವ ಬೇರೆ ದನಿಗಳನ್ನು ಅವ್ವ ಒಲ್ಲೆ ಎನ್ನುತ್ತಾಳೆ. ಜನವರಿಯಿಂದ ನನಗೆ ಕನಕಪುರದ ಕಚೇರಿಯಲ್ಲಿ ಕೂತು ಮಾಡುವ ಕೆಲಸ. ಅಲ್ಲಿ ಪಾಠ ಹೇಳಲು ಮಕ್ಕಳಿಲ್ಲ.

ದಿನಾ ಸಂಜೆ ಜಗಲಿಯಲ್ಲಿ ಅವ್ವ ನನ್ನನ್ನು ಹತ್ತಿರ ಕೂರಿಸಿಕೊಳ್ಳುತ್ತಾಳೆ. "ಒಂದ್ಸಲ ಅವ್ವ ಅನ್ನು" ಎನ್ನುತ್ತಾಳೆ. ತನ್ನ ಕೆನ್ನೆಯನ್ನು ನನ್ನ ತುಟಿಗೆ ತಾಗಿಸಿ ಕಾಯುತ್ತಾಳೆ. ನಾನು ತುಟಿ ಆಡಿಸುತ್ತೇನೆ. ಸದ್ದು ಬರುವುದಿಲ್ಲ ಎಂದು ಅವಳಿಗೂ ಗೊತ್ತು.

"ಕೇಳಿಸ್ತು ಕಣವ್ವ" ಎನ್ನುತ್ತಾಳೆ.

ಭಾನು